ಕಸುಬು ಕಲಿಸಿದ ಲಕ್ಷ್ಮಣರಾಯರು

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಪಶ್ಚಿಮ ಭಾಗವೆಲ್ಲ ಸಹ್ಯಾದ್ರಿಯ ದಟ್ಟವಾದ ಕಾಡು. ಮಲಪ್ರಭಾ ನದಿ ಹುಟ್ಟುವ ಕಣಕುಂಬಿ ಇರುವುದು ಈ ಭಾಗದಲ್ಲಿಯೇ. ಅಲ್ಲಿಂದ ಪೂರ್ವಕ್ಕೆ ಬಂದಂತೆ ಕಾಡು ಸರಿದು ಭತ್ತದ ಗದ್ದೆಗಳು ಕಾಣುತ್ತವೆ. ನಂದಗಡ, ಬೀಡಿಗಳನ್ನು ದಾಟಿ ಕಿತ್ತೂರಿನ ಕಡೆಗೆ ನಡೆದರೆ ಜೋಳ, ಹತ್ತಿಗಳನ್ನು ಬೆಳೆಯುವ ಬಯಲು ಸೀಮೆ ಆರಂಭವಾಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಹಳ್ಳಿಗಳ ಬದುಕು ಒಂದು ಕಟ್ಟಿಗೆ ಒಳಪಟ್ಟಿತ್ತು. ಊರಿಗೊಬ್ಬ ಬಡಿಗ, ಒಬ್ಬ ಕಮ್ಮಾರ. ಬಡಿಗನು ಮರದ ನೇಗಿಲನ್ನು ಮಾಡಿಕೊಡುವನು. ಕಮ್ಮಾರನು ಅದರ ತುದಿಗೆ ಕಬ್ಬಿಣದ ಕುಳವನ್ನು ಬಡಿದು ಕೊಡುವನು. ಸುಗ್ಗಿಯ ಕಾಲದಲ್ಲಿ ರೈತನು ಕಣದಲ್ಲಿಯೇ ಅವರ ಪಾಲಿನ ಆಯವನ್ನು ಅಳೆದು ಕೊಡುವನು. ಕಸುಬು ತಂದೆಯಿಂದ ಮಗನಿಗೆ ಇಳಿದು ಬರುತ್ತಿತ್ತು. ಕಮ್ಮಾರನ ಮಗ ಕುಲುಮೆಯ ಮುಂದೆ ಕುಳಿತು ತಿದಿಯೊತ್ತುತ್ತ ಕಬ್ಬಿಣದ ಗುಣವನ್ನು ಅರಿಯುತ್ತಿದ್ದನು. ಆದರೆ ಹೊಲವೂ ಇಲ್ಲದ, ಕಸುಬೂ ಇಲ್ಲದ ಕೂಲಿಕಾರನ ಮಗನಿಗೆ ಆ ಕುಲುಮೆಯ ಮುಂದೆ ಸ್ಥಳವಿರಲಿಲ್ಲ. ಅವನು ಎಷ್ಟೇ ಚುರುಕಾಗಿದ್ದರೂ ತಂದೆಯಂತೆ ಕೂಲಿಗೇ ಹೋಗಬೇಕಾಗಿತ್ತು.

1876 ರಿಂದ 1878 ರವರೆಗೆ ಬೆಳಗಾವಿ, ಧಾರವಾಡ, ವಿಜಾಪುರ ಸೀಮೆಗಳನ್ನು ಘೋರವಾದ ಕ್ಷಾಮವು ಕಾಡಿತು. ಅದರ ಪೆಟ್ಟು ಮೊದಲು ಬಿದ್ದದ್ದು ಇಂತಹ ಕೂಲಿಕಾರರ ಮೇಲೆ. ಹೊಲದಲ್ಲಿ ಕೆಲಸವಿಲ್ಲವಾದಾಗ ಅವರು ಸರಕಾರದ ಕ್ಷಾಮ ಕಾಮಗಾರಿಗಳಲ್ಲಿ ಮಣ್ಣು ಹೊತ್ತು, ಕಲ್ಲು ಒಡೆದು ಹೊಟ್ಟೆ ಹೊರೆದುಕೊಳ್ಳಬೇಕಾಯಿತು. ಆ ಕ್ಷಾಮದ ದಿನಗಳಲ್ಲಿ ಇದೇ ಜಿಲ್ಲೆಯ ಗುರ್ಲಹೊಸೂರು ಎಂಬ ಹಳ್ಳಿಯಲ್ಲಿ ಏಳೆಂಟು ವರ್ಷದ ಬಾಲಕನೊಬ್ಬನಿದ್ದನು. ಮುಂದೆ ಅವನು ಕಬ್ಬಿಣದ ನೇಗಿಲನ್ನು ತಯಾರಿಸಿ ಭಾರತದ ಆದ್ಯ ಉದ್ಯಮಿಗಳಲ್ಲೊಬ್ಬನೆನಿಸಿದನು. ಅವನ ಕಾರ್ಖಾನೆಯ ಬಾಗಿಲು ಹಳ್ಳಿಯ ಹುಡುಗರಿಗೆ, ಶಾಲೆಯಲ್ಲಿ ಸೋತವರಿಗೆ, ಸೆರೆಮನೆಯಿಂದ ಬಂದವರಿಗೂ ತೆರೆದಿತ್ತು. ಆ ಬಾಲಕನೇ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್.

ಲಕ್ಷ್ಮಣರಾಯರು ಜನಿಸಿದ್ದು 1869 ನೆಯ ಇಸವಿ ಜೂನ್ 20 ರಂದು. ಕಿರ್ಲೋಸ್ಕರ್ ಮನೆತನದ ಮೂಲ ಕೊಂಕಣ ಸೀಮೆಯ ಕಿರ್ಲೋಸಿ ಗ್ರಾಮ. ಮರಾಠಿ ಸಂಗೀತ ನಾಟಕಗಳ ಪ್ರವರ್ತಕರೆಂದು ಪ್ರಸಿದ್ಧರಾದ ಅಣ್ಣಾಸಾಹೇಬ ಕಿರ್ಲೋಸ್ಕರರೂ ಗುರ್ಲಹೊಸೂರಿನವರೇ. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರಾದ ವಿದ್ವಾಂಸರು. ಇಂತಹ ಮನೆಯಲ್ಲಿ ಹುಟ್ಟಿದ ಮಗ ಓದಿನಲ್ಲಿ ಮುಂದೆ ಬಂದು ಹೆಸರು ಗಳಿಸಬೇಕೆಂದು ಹಿರಿಯರು ಬಯಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬಾಲಕ ಲಕ್ಷ್ಮಣನ ಮನಸ್ಸು ಪಾಠಗಳಲ್ಲಿ ನಿಲ್ಲುತ್ತಿರಲಿಲ್ಲ. ಅವನಿಗೆ ಪ್ರಿಯವಾಗಿದ್ದವು ಎರಡೇ ಸಂಗತಿಗಳು: ಒಂದು ಚಿತ್ರ ಬರೆಯುವುದು, ಇನ್ನೊಂದು ಯಂತ್ರಗಳನ್ನು ಬಿಚ್ಚಿ ನೋಡುವುದು. ಕಾರ್ಖಾನೆಯ ಒಡೆಯರಾದ ಮೇಲೂ ಪರೀಕ್ಷೆಯಲ್ಲಿ ಸೋತು ಬಂದ ಹುಡುಗರನ್ನು ಅವರು ಕೀಳಾಗಿ ಕಾಣಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು.

ಮಗನು ಚಿತ್ರ ಬರೆದು ಜೀವನ ಸಾಗಿಸುವನೆಂಬ ಮಾತು ಆ ಕಾಲದ ತಂದೆಗೆ ಒಪ್ಪಿಗೆಯಾಗುವಂಥದಲ್ಲ. ಆಗ ಲಕ್ಷ್ಮಣರಾಯರ ಬೆಂಬಲಕ್ಕೆ ನಿಂತವರು ಅವರ ಹಿರಿಯ ಸಹೋದರ ರಾಮುಅಣ್ಣ. ಅವರ ನೆರವಿನಿಂದ ಲಕ್ಷ್ಮಣರಾಯರು 1885 ರಲ್ಲಿ ಮುಂಬಯಿಯ ಸರ್ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳ ಅಭ್ಯಾಸ ನಡೆಯಿತು. ಅಷ್ಟರಲ್ಲಿ ಒಂದು ಕಠಿಣವಾದ ಸತ್ಯ ಹೊರಬಿದ್ದಿತು. ಅವರ ಕಣ್ಣುಗಳಿಗೆ ಕೆಲವು ಬಣ್ಣಗಳ ಭೇದ ತಿಳಿಯುತ್ತಿರಲಿಲ್ಲ. ವರ್ಣಗಳನ್ನು ಗುರುತಿಸಲಾರದವನು ಚಿತ್ರಕಾರನಾಗುವುದು ಹೇಗೆ? ಮನೆಯವರನ್ನು ಒಪ್ಪಿಸಿ, ಅಣ್ಣನ ಹಣವನ್ನು ವೆಚ್ಚ ಮಾಡಿ ಬಂದ ಯುವಕನಿಗೆ ಇದು ಸಣ್ಣ ಆಘಾತವಲ್ಲ. ಆದರೂ ಅವರು ಮುಂಬಯಿಯನ್ನು ಬಿಡಲಿಲ್ಲ. ಬಣ್ಣದ ಅಗತ್ಯವಿಲ್ಲದ, ಗೆರೆಯೊಂದನ್ನೇ ನೆಚ್ಚಿದ ಯಂತ್ರಚಿತ್ರಣದತ್ತ ತಿರುಗಿದರು.

ಯಂತ್ರಚಿತ್ರಣವೆಂದರೆ ಯಂತ್ರದ ಅಂದವನ್ನು ಬರೆಯುವುದಲ್ಲ. ಒಂದು ಬಿಡಿಭಾಗವು ಮುಂದಿನಿಂದ ಹೇಗೆ ಕಾಣುತ್ತದೆ, ಮೇಲಿನಿಂದ ಹೇಗೆ, ಪಕ್ಕದಿಂದ ಹೇಗೆ ಎಂಬುದನ್ನು ಅಳತೆಯೊಡನೆ ಕಾಗದದ ಮೇಲೆ ಇಳಿಸುವುದು. ಆ ನಕ್ಷೆಯನ್ನು ಓದಬಲ್ಲವನು, ತಾನೆಂದೂ ಕಾಣದ ವಸ್ತುವನ್ನು ಕೂಡ ಸರಿಯಾಗಿ ಮಾಡಬಲ್ಲನು. ತಂದೆಯ ಪಕ್ಕದಲ್ಲಿ ಕುಳಿತು ಹತ್ತು ವರ್ಷ ನೋಡಿ ಕಲಿಯಬೇಕಾದದ್ದನ್ನು ಕಾಗದದ ತುಂಡೊಂದು ಬೇರೆಯವರ ಮನೆಯ ಹುಡುಗನಿಗೂ ತಿಳಿಸಬಲ್ಲದು. ಈ ವಿದ್ಯೆಯಲ್ಲಿ ನಿಪುಣರಾದ ಲಕ್ಷ್ಮಣರಾಯರಿಗೆ ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಯಂತ್ರಚಿತ್ರಣದ ಉಪಾಧ್ಯಾಯರ ಕೆಲಸ ದೊರೆಯಿತು. ಪಾಠ ಮುಗಿದ ಮೇಲೆ ಅವರು ಸಂಸ್ಥೆಯ ಕಾರ್ಯಾಗಾರಕ್ಕೆ ಹೋಗಿ ಅಲ್ಲಿಯ ಯಂತ್ರಗಳ ನಡುವೆ ಬಿಡುವಿನ ವೇಳೆಯನ್ನೆಲ್ಲ ಕಳೆಯುತ್ತಿದ್ದರು. ಉಪಾಧ್ಯಾಯರೇ ಅಲ್ಲಿ ವಿದ್ಯಾರ್ಥಿಯಾಗಿದ್ದರು.

ಆ ಕಾಲದಲ್ಲಿ ಸೈಕಲ್ಲು ನಮ್ಮ ದೇಶಕ್ಕೆ ಹೊಸತು. ಅದರ ಆಕರ್ಷಣೆಗೆ ಒಳಗಾದ ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ಲುಗಳನ್ನು ಕೊಂಡು ಬೆಳಗಾವಿಯಲ್ಲಿದ್ದ ರಾಮುಅಣ್ಣನವರಿಗೆ ಕಳುಹಿಸತೊಡಗಿದರು. 1888 ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಬಂಧುಗಳ ಸೈಕಲ್ ಅಂಗಡಿ ಆರಂಭವಾಯಿತು. ಒಂದು ಸೈಕಲ್ಲಿನ ಬೆಲೆ 700 ರಿಂದ 1000 ರೂಪಾಯಿ. ಅಂದಿನ ಲೆಕ್ಕದಲ್ಲಿ ಅದು ಶ್ರೀಮಂತರು ಮಾತ್ರ ತೆರಬಹುದಾದ ಹಣ. ಕೊಂಡವರಿಗೆ ಅದನ್ನು ಹತ್ತಿ ನಡೆಸುವುದೇ ತಿಳಿಯದು. ಆದ್ದರಿಂದ ರಾಮುಅಣ್ಣನವರು 15 ರೂಪಾಯಿ ಶುಲ್ಕ ಪಡೆದು ಸವಾರಿಯನ್ನೂ ಕಲಿಸುತ್ತಿದ್ದರು. ಹೊಸ ವಸ್ತುವನ್ನು ಮಾರಬೇಕಾದರೆ ಅದನ್ನು ಬಳಸುವ ಕೌಶಲವನ್ನೂ ಜೊತೆಗೆ ಮಾರಬೇಕೆಂಬ ಪಾಠವನ್ನು ಈ ಅಣ್ಣತಮ್ಮಂದಿರು ಹೀಗೆ ಬೆಳಗಾವಿಯ ಬೀದಿಯಲ್ಲಿ ಕಲಿತರು.

ಮುಂಬಯಿಯ ಸಂಸ್ಥೆಯಲ್ಲಿ ಲಕ್ಷ್ಮಣರಾಯರಿಗೆ ಬರಬೇಕಾಗಿದ್ದ ಬಡ್ತಿಯು ಒಬ್ಬ ಆಂಗ್ಲೋ-ಇಂಡಿಯನ್ನನ ಪಾಲಾಯಿತು. ಯೋಗ್ಯತೆಗಿಂತ ಬಣ್ಣವೇ ಮೇಲೆಂದು ಕಂಡ ಮೇಲೆ ಅವರು ಆ ಕೆಲಸದಲ್ಲಿ ಉಳಿಯಲಿಲ್ಲ. ರಾಜೀನಾಮೆ ಕೊಟ್ಟು, ಇದ್ದ ಸ್ವಲ್ಪ ಹಣದಲ್ಲಿ ಕೆಲವು ಯಂತ್ರೋಪಕರಣಗಳನ್ನು ಕೊಂಡು ಬೆಳಗಾವಿಗೆ ಬಂದರು. ಸೈಕಲ್ ಅಂಗಡಿಯ ಜೊತೆಗೆ ಒಂದು ಪುಟ್ಟ ಕಾರ್ಯಾಗಾರ ತಲೆಯೆತ್ತಿತು.

ಅಲ್ಲಿ ಮೊದಲು ತಯಾರಾದದ್ದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಹಾಗೆಯೇ ದನಗಳ ಮುಂದೆ ಹಾಕಿದರೆ ಅವು ಎಲೆಯನ್ನು ತಿಂದು ದಂಟನ್ನು ತುಳಿದು ಹಾಳುಮಾಡುತ್ತವೆ. ಸಣ್ಣದಾಗಿ ಕತ್ತರಿಸಿ ಹಾಕಿದರೆ ಎಲ್ಲವೂ ಹೊಟ್ಟೆಗೆ ಸೇರುತ್ತದೆ. ಕ್ಷಾಮವನ್ನು ಕಂಡ ನಾಡಿಗೆ ಇದರ ಪ್ರಯೋಜನವನ್ನು ವಿವರಿಸಬೇಕಾಗಿರಲಿಲ್ಲ. ಆದರೆ ಯಂತ್ರವನ್ನು ಮಾಡುವ ಕೈಗಳೆಲ್ಲಿ? ಬೆಳಗಾವಿಯಲ್ಲಿ ದಂಡು ಇತ್ತು, ಕಚೇರಿಗಳಿದ್ದವು, ರೈಲೂ ಬಂದಿತ್ತು. ಲೇತ್ ಯಂತ್ರವನ್ನು ನಡೆಸಬಲ್ಲವರು, ನಕ್ಷೆಯನ್ನು ಓದಬಲ್ಲವರು ಮಾತ್ರ ಸುಲಭವಾಗಿ ಸಿಕ್ಕುತ್ತಿರಲಿಲ್ಲ. ಕಲಿತ ಕೆಲಸಗಾರರನ್ನು ಮುಂಬಯಿಯಿಂದ ಕರೆಸುವಷ್ಟು ಹಣ ಅಣ್ಣತಮ್ಮಂದಿರಲ್ಲಿ ಇರಲಿಲ್ಲ. ಉಳಿದ ದಾರಿ ಒಂದೇ. ಸಿಕ್ಕಿದವರಿಗೆ ತಾವೇ ಕಲಿಸುವುದು. ಮುಂಬಯಿಯಲ್ಲಿ ಉಪಾಧ್ಯಾಯರಾಗಿದ್ದವರಿಗೆ ಕಲಿಸುವ ಕೆಲಸ ಇಲ್ಲಿಯೂ ತಪ್ಪಲಿಲ್ಲ. ಕಪ್ಪು ಹಲಗೆಯ ಬದಲು ಕಬ್ಬಿಣವಿತ್ತು, ಅಷ್ಟೆ. ಸ್ವತಃ ಅವರ ಕಲಿಕೆಯೂ ನಿಂತಿರಲಿಲ್ಲ. ವಿದೇಶಗಳಿಂದ ಯಂತ್ರವಿಷಯಕ ಪತ್ರಿಕೆ, ಪುಸ್ತಕಗಳನ್ನು ತರಿಸಿ ಓದುತ್ತಿದ್ದರು.

ಅನಂತರ ಅವರ ದೃಷ್ಟಿ ನೇಗಿಲಿನ ಮೇಲೆ ಬಿದ್ದಿತು. ಮರದ ನೇಗಿಲು ನೆಲವನ್ನು ಗೀರುತ್ತದೆಯೇ ಹೊರತು ಮಣ್ಣನ್ನು ಮಗುಚುವುದಿಲ್ಲ. ಕಪ್ಪು ನೆಲದಲ್ಲಿ ಆಳವಾಗಿ ಬೇರುಬಿಡುವ ಕರಿಕೆಯನ್ನು ಕಿತ್ತುಹಾಕುವ ಶಕ್ತಿ ಅದಕ್ಕಿಲ್ಲ. ಕಬ್ಬಿಣದ ನೇಗಿಲಿಗೆ ಕುಳದ ಹಿಂದೆ ಬಾಗಿದ ರೆಕ್ಕೆಯೊಂದಿರುತ್ತದೆ. ಕುಳವು ಕತ್ತರಿಸಿದ ಮಣ್ಣಿನ ಹೆಂಟೆಯನ್ನು ಆ ರೆಕ್ಕೆಯು ಎತ್ತಿ, ಹೊರಳಿಸಿ, ಬುಡಮೇಲಾಗಿ ಕೆಡವುತ್ತದೆ. ಕಳೆಯ ಬೇರು ಬಿಸಿಲಿಗೆ ಬಿದ್ದು ಒಣಗುತ್ತದೆ. ಇಂತಹ ನೇಗಿಲುಗಳು ಇಂಗ್ಲೆಂಡಿನಿಂದ ಬರುತ್ತಿದ್ದವು. ಅದನ್ನು ಇಲ್ಲಿಯೇ ತಯಾರಿಸಲು ಲಕ್ಷ್ಮಣರಾಯರು ನಿಶ್ಚಯಿಸಿದರು. 1903 ರ ಸುಮಾರಿಗೆ ಕಿರ್ಲೋಸ್ಕರ್ ನೇಗಿಲು ಸಿದ್ಧವಾಯಿತು.

ನೇಗಿಲು ಸಿದ್ಧವಾಯಿತು, ಆದರೆ ಕೊಳ್ಳುವವರಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರಿ ಬೆಳೆ ಕೆಡುವುದೆಂಬ ನಂಬಿಕೆ ರೈತರಲ್ಲಿತ್ತು. ಅದನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ರೈತನ ಸ್ಥಿತಿಯನ್ನು ಯೋಚಿಸಿದರೆ ಅವನ ಅಂಜಿಕೆ ಅರ್ಥವಾಗುತ್ತದೆ. ಅವನಲ್ಲಿರುವುದು ಒಂದು ತುಂಡು ಭೂಮಿ. ಅದು ಕೆಟ್ಟರೆ ಎರಡನೆಯ ಆಸರೆಯಿಲ್ಲ. ಊರಿನ ಬಡಿಗನು ಮಾಡಿದ ನೇಗಿಲು ಮುರಿದರೆ ಅವನೇ ರಿಪೇರಿ ಮಾಡಿಕೊಡುತ್ತಾನೆ, ಕೂಲಿಯನ್ನು ಕಣದಲ್ಲಿ ಕಾಳಿನ ರೂಪದಲ್ಲಿ ಕೊಟ್ಟರಾಯಿತು. ಕಾರ್ಖಾನೆಯ ನೇಗಿಲಿಗೆ ರೊಕ್ಕವನ್ನು ಎಣಿಸಿ ಕೊಡಬೇಕು. ಅದು ಹೊಲದಲ್ಲಿ ಮುರಿದರೆ ಗತಿಯೇನು? ಮೊದಲ ನೇಗಿಲುಗಳು ಮಾರಾಟವಾಗಲು ಎರಡು ವರ್ಷಗಳೇ ಹಿಡಿದವು. ಆ ಎರಡು ವರ್ಷಗಳ ಕಾಲ ಕಾರ್ಯಾಗಾರವನ್ನು ನಡೆಸಬೇಕು, ಕೆಲಸಗಾರರಿಗೆ ಸಂಬಳ ಕೊಡಬೇಕು. ಕೈಯಾರೆ ತಿದ್ದಿ ಕಲಿಸಿದ ಕೆಲಸಗಾರರನ್ನು ಕಳುಹಿಸಿಬಿಟ್ಟರೆ ಮತ್ತೆ ಮೊದಲಿನಿಂದ ಕಲಿಸಬೇಕಾಗುತ್ತದೆ. ಕಬ್ಬಿಣವನ್ನು ಅಂಗಡಿಯಿಂದ ಕೊಂಡು ತರಬಹುದು, ಕೈಯ ಹದವನ್ನು ಕೊಂಡು ತರಲಾಗದು. ಅಣ್ಣತಮ್ಮಂದಿರು ಪಟ್ಟು ಬಿಡದೆ ನಿಂತರು. ನೆಲವನ್ನು ಉತ್ತು ತೋರಿಸಿದ ಮೇಲೆ ನೇಗಿಲೇ ತನ್ನ ಪರವಾಗಿ ಸಾಕ್ಷಿ ನುಡಿಯಿತು. ಬೇಡಿಕೆ ನಿಧಾನವಾಗಿ ಏರಿತು.

ಹೀಗೆ ಕಾರ್ಯಾಗಾರವು ತನ್ನ ಕಾಲಮೇಲೆ ನಿಲ್ಲುತ್ತಿರುವಾಗ ಬೆಳಗಾವಿಯ ಪುರಸಭೆಯಿಂದ ಆಜ್ಞೆಯೊಂದು ಬಂದಿತು. ಊರಿನ ವಿಸ್ತರಣೆಗಾಗಿ ಆ ಸ್ಥಳ ಬೇಕಾಗಿದೆ, ಕಾರ್ಖಾನೆಯನ್ನು ತೆರವು ಮಾಡಬೇಕೆಂಬುದು ಅದರ ಸಾರ. ವರ್ಷಗಟ್ಟಲೆ ಕೂಡಿಸಿದ ಯಂತ್ರಗಳನ್ನು ಎಲ್ಲಿಗೆ ಒಯ್ಯುವುದು? ಕೈಯಲ್ಲಿ ಹೊಸ ಜಮೀನು ಕೊಳ್ಳುವ ಹಣವಿಲ್ಲ. ಯಂತ್ರಗಳನ್ನು ಮಾರಿಬಿಟ್ಟು ಮತ್ತೆ ಎಲ್ಲಾದರೂ ನೌಕರಿ ಹಿಡಿಯಬಹುದಾಗಿತ್ತು. ಆದರೆ ಅವರನ್ನು ನಂಬಿಕೊಂಡು ಕೆಲವು ಕುಟುಂಬಗಳು ಬದುಕುತ್ತಿದ್ದವು.

ಈ ಸಂಕಟದಲ್ಲಿ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಅವರು ಸ್ವತಃ ಚಿತ್ರಕಾರರು, ಕಲಾಪ್ರೇಮಿಗಳು. ಹಿಂದೆ ಔಂಧದಲ್ಲಿ ಒಂದು ಕಟ್ಟಡದ ಕೆಲಸವನ್ನು ಲಕ್ಷ್ಮಣರಾಯರು ವಹಿಸಿಕೊಂಡಿದ್ದರಿಂದ ಇಬ್ಬರಿಗೂ ಪರಿಚಯವಿತ್ತು. ಅರಸರು ತಮ್ಮ ಸಂಸ್ಥಾನದ ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಬಳಿ 32 ಎಕರೆ ನೆಲವನ್ನೂ 10,000 ರೂಪಾಯಿಗಳ ಬಡ್ಡಿಯಿಲ್ಲದ ಸಾಲವನ್ನೂ ಕೊಟ್ಟರು. ಈ ಸ್ಥಳವು ಈಗ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ಬೆಳಗಾವಿಯಿಂದ ಮೀರಜ್ ಮಾರ್ಗವಾಗಿ ಪುಣೆಗೆ ಹೋಗುವ ರೈಲು ಇದನ್ನು ದಾಟಿಯೇ ಹೋಗುತ್ತದೆ.

1910 ರಲ್ಲಿ ಬೆಳಗಾವಿಯಿಂದ ಯಂತ್ರಗಳೊಡನೆ ಇಪ್ಪತ್ತೈದು ಕೆಲಸಗಾರರೂ ಅವರ ಕುಟುಂಬದವರೂ ಅಲ್ಲಿಗೆ ಬಂದಿಳಿದರು. ಅವರನ್ನು ಎದುರುಗೊಂಡದ್ದು ಬರಡು ನೆಲ, ಎಲ್ಲೆಲ್ಲೂ ಪಾಪಾಸುಕಳ್ಳಿ. ಕಳ್ಳಿಯ ಪೊದೆಗಳಲ್ಲಿ ನಾಗರಹಾವುಗಳು. ಕಳ್ಳಿಯನ್ನು ಕಡಿದು, ನೆಲವನ್ನು ಸಮಮಾಡಿ, ಒಂದು ಕಡೆ ಕಾರ್ಖಾನೆ, ಇನ್ನೊಂದು ಕಡೆ ಮನೆಗಳನ್ನು ಕಟ್ಟಬೇಕಾಗಿತ್ತು. ಇಂಗ್ಲೆಂಡ್, ಅಮೆರಿಕಗಳಲ್ಲಿ ಕೆಲವು ಕಾರ್ಖಾನೆಗಳ ಒಡೆಯರು ತಮ್ಮ ಕೆಲಸಗಾರರಿಗಾಗಿ ಅಚ್ಚುಕಟ್ಟಾದ ಊರುಗಳನ್ನು ಕಟ್ಟಿಸಿದ್ದ ಸಂಗತಿಯನ್ನು ಲಕ್ಷ್ಮಣರಾಯರು ಓದಿದ್ದರು. ಅಂತಹ ಊರೊಂದು ಈ ಕಳ್ಳಿಯ ಕಾಡಿನಲ್ಲಿ ಏಳಬೇಕೆಂಬುದು ಅವರ ಕನಸು. ಮನೆ, ನೀರು, ನೈರ್ಮಲ್ಯ, ಊರಿನ ವ್ಯವಸ್ಥೆಗಳ ಹೊಣೆಯನ್ನು ರಾಮುಅಣ್ಣನವರು ಹೊತ್ತರು. ಆ ಊರೇ ಕಿರ್ಲೋಸ್ಕರವಾಡಿ.

ಕಿರ್ಲೋಸ್ಕರವಾಡಿಯನ್ನು ಕಟ್ಟಿದ ಜನರ ಪೂರ್ವವೃತ್ತಾಂತವನ್ನು ನೋಡಿದರೆ ಯಾರಿಗಾದರೂ ಅಚ್ಚರಿಯಾಗದಿರದು. ಕಾರ್ಖಾನೆಯ ಮೇಸ್ತ್ರಿಯೂ ಎಂಜಿನಿಯರೂ ಆಗಿದ್ದ ಶಂಭುರಾವ್ ಜಾಂಭೇಕರರು ಎಂಜಿನಿಯರಿಂಗ್ ವಿದ್ಯಾಲಯದಿಂದ ಹೊರಹಾಕಲ್ಪಟ್ಟವರು. ವ್ಯವಸ್ಥಾಪಕರಾಗಿ ಎಲ್ಲ ಬಗೆಯ ಕೆಲಸಗಳಿಗೂ ಹೆಗಲು ಕೊಟ್ಟ ಕೆ. ಕೆ. ಕುಲಕರ್ಣಿಯವರು ಶಾಲೆಯಲ್ಲಿ ಯಶಸ್ಸು ಕಾಣದಿದ್ದವರು. ಓದನ್ನು ಅರ್ಧಕ್ಕೆ ಬಿಟ್ಟ ಅನಂತರಾವ್ ಫಳಣೀಕರರು ಕಲ್ಪನಾಶಕ್ತಿಯುಳ್ಳ ಯಂತ್ರಶಿಲ್ಪಿಯಾಗಿ ಬೆಳೆದರು. ಇವರಿಗಿಂತಲೂ ಸೋಜಿಗವಾದದ್ದು ಊರಿನ ಕಾವಲುಗಾರರ ಕಥೆ. ರಾತ್ರಿಯ ಪಹರೆಯನ್ನು ವಹಿಸಿಕೊಂಡ ತುಕಾರಾಮ ಮತ್ತು ಪೀರ್ಯಾ ಎಂಬ ಇಬ್ಬರು ದರೋಡೆಯ ಅಪರಾಧಕ್ಕಾಗಿ ಶಿಕ್ಷೆ ಅನುಭವಿಸಿದವರು. ಸಮಾಜವು ಹುಟ್ಟಿನಿಂದಲೇ ದೂರವಿಟ್ಟಿದ್ದ ಸಮುದಾಯಗಳಿಗೆ ಅವರು ಸೇರಿದ್ದರು. ಅವರ ಕೈಗೆ ಊರಿನ ರಕ್ಷಣೆಯನ್ನೇ ಒಪ್ಪಿಸಲಾಯಿತು. ಆ ನಂಬಿಕೆಯನ್ನು ಅವರು ಉಳಿಸಿಕೊಂಡರು. ಕಿರ್ಲೋಸ್ಕರವಾಡಿಯಲ್ಲಿ ಅಸ್ಪೃಶ್ಯತೆಯ ಆಚರಣೆಗೆ ಲಕ್ಷ್ಮಣರಾಯರು ಅವಕಾಶ ಕೊಡಲಿಲ್ಲ. 1910 ರ ದಶಕದಲ್ಲಿ ಹಳ್ಳಿಗಾಡಿನ ನಡುವೆ ಇಂತಹ ನಿಯಮವನ್ನು ನಡೆಸುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು.

ಸುತ್ತಲಿನ ಹಳ್ಳಿಗಳಿಂದ ಕೆಲಸ ಕೇಳಿಕೊಂಡು ಬಂದವರಲ್ಲಿ ಬಹುಮಂದಿ ಅಕ್ಷರ ಬಾರದವರು. ನೇಗಿಲ ಮೇಳಿಯನ್ನೊಂದು ಬಿಟ್ಟರೆ ಬೇರೆ ಉಪಕರಣವನ್ನು ಹಿಡಿದವರಲ್ಲ. ಇಂತಹವರನ್ನು ಯಂತ್ರದ ಕೆಲಸಕ್ಕೆ ಪಳಗಿಸುವುದೆಂದರೆ ಏನೆಂಬುದನ್ನು ಸ್ವಲ್ಪ ವಿವರವಾಗಿ ತಿಳಿಯಬೇಕು.

ಎರಕದ ಕೆಲಸವನ್ನೇ ತೆಗೆದುಕೊಳ್ಳೋಣ. ನೇಗಿಲಿನ ಭಾಗವೊಂದನ್ನು ಎರಕ ಹೊಯ್ಯಬೇಕಾದರೆ ಮೊದಲು ಅದರ ಮರದ ಮಾದರಿಯನ್ನು ಕೆತ್ತಬೇಕು. ಕಾದ ಕಬ್ಬಿಣವು ಆರಿದಾಗ ಸ್ವಲ್ಪ ಕುಗ್ಗುತ್ತದೆ. ಆ ಕುಗ್ಗುವಿಕೆಯನ್ನು ಲೆಕ್ಕಹಾಕಿ ಮಾದರಿಯನ್ನು ತುಸು ದೊಡ್ಡದಾಗಿ ಮಾಡಬೇಕು. ಆ ಮಾದರಿಯ ಸುತ್ತ ಮರಳನ್ನು ಬಡಿದು ಕೂರಿಸಿ, ಮಾದರಿಯನ್ನು ಮೆಲ್ಲನೆ ಎತ್ತಿ ತೆಗೆದರೆ ಅಚ್ಚು ಉಳಿಯುತ್ತದೆ. ಮರಳಿನಲ್ಲಿ ತೇವ ಹೆಚ್ಚಾದರೆ ಹಬೆಯೆದ್ದು ಎರಕದಲ್ಲಿ ಗುಳ್ಳೆಗಳಾಗುತ್ತವೆ. ತೇವ ಕಡಿಮೆಯಾದರೆ ಅಚ್ಚು ಕುಸಿಯುತ್ತದೆ. ಮರಳನ್ನು ಮುಷ್ಟಿಯಲ್ಲಿ ಹಿಡಿದು ಒತ್ತಿ ನೋಡಿ ಹದವನ್ನು ತಿಳಿಯಬೇಕು. ಹೊಸಬನು ಮೊದಲು ಮರಳನ್ನು ಜರಡಿ ಹಿಡಿಯುತ್ತಾನೆ, ಆಮೇಲೆ ಸಣ್ಣ ಅಚ್ಚು, ಅನಂತರ ದೊಡ್ಡದು. ಕರಗಿದ ಕಬ್ಬಿಣದ ಪಾತ್ರೆಯನ್ನು ಹಿಡಿದು ಅಳುಕಿಲ್ಲದೆ, ಧಾರೆ ತುಂಡಾಗದಂತೆ ಹೊಯ್ಯುವ ಹೊತ್ತಿಗೆ ಅವನು ಬೇರೆಯೇ ಮನುಷ್ಯನಾಗಿರುತ್ತಾನೆ. ಜೋಡಣೆಯ ಕೆಲಸವೂ ಹೀಗೆಯೇ. ಅರವನ್ನು ಹಿಡಿದು ಒಂದು ಕಬ್ಬಿಣದ ತುಂಡಿನ ಮುಖವನ್ನು ಸಮತಟ್ಟಾಗಿ ಉಜ್ಜುವುದು ನೋಡುವುದಕ್ಕೆ ಸರಳ; ಮಾಡಲು ಹೋದರೆ ಕೈ ಓಲಾಡಿ ಮುಖವು ಉಬ್ಬುತ್ತದೆ. ದಿನಗಟ್ಟಲೆ ಉಜ್ಜಿ, ಅಳೆದು, ಮತ್ತೆ ಉಜ್ಜಿದ ಮೇಲೆಯೇ ಕೈಗೆ ಸ್ಥಿರತೆ ಬರುವುದು.

ಹೊಲದ ಕೂಲಿಗೆ ಮಳೆಯ ಹಂಗಿದೆ. ಬಿತ್ತನೆ, ಸುಗ್ಗಿಗಳ ನಡುವೆ ಕೂಲಿಕಾರನಿಗೆ ಕೈತುಂಬ ಕೆಲಸವಿರುವುದಿಲ್ಲ; ವಯಸ್ಸಾದಂತೆ ಅವನ ಬೆಲೆ ಇಳಿಯುತ್ತದೆ. ಎರಕದವನ, ಲೇತ್ ನಡೆಸುವವನ ಬೆಲೆ ವರ್ಷ ಕಳೆದಂತೆ ಏರುತ್ತದೆ. ಒಂದು ಕಾರ್ಖಾನೆ ಬಿಟ್ಟರೂ ಇನ್ನೊಂದು ಕಾರ್ಖಾನೆಯಲ್ಲಿ ಅವನ ವಿದ್ಯೆ ಸಲ್ಲುತ್ತದೆ. ಅವನ ಮಗನಿಗೆ ಶಾಲೆಗೆ ಹೋಗುವ ಅವಕಾಶ ಒದಗುತ್ತದೆ. ದಾನವಾಗಿ ಕೊಟ್ಟ ಹಣ ಒಂದು ಸುಗ್ಗಿಯವರೆಗೂ ಬಾಳದು. ಕೈಗೆ ಹತ್ತಿದ ಕಸುಬನ್ನು ಸಾಲಗಾರನೂ ಕಿತ್ತುಕೊಂಡು ಹೋಗಲಾರನು.

ಇಲ್ಲಿ ಇನ್ನೊಂದು ಮಾತನ್ನೂ ಹೇಳಬೇಕು. ಕಿರ್ಲೋಸ್ಕರವಾಡಿಯು ಒಡೆಯನ ಔದಾರ್ಯವನ್ನು ಅವಲಂಬಿಸಿದ ಊರು. ಯಾರು ಕಲಿಯಬೇಕು, ಏನನ್ನು ಕಲಿಯಬೇಕು ಎಂಬುದು ಕಾರ್ಖಾನೆಯ ಅಗತ್ಯದ ಮೇಲೆ ನಿಂತಿತ್ತು. ಆ ಕಾಲದ ಯಂತ್ರಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಕಸುಬು ಕಲಿಸುವ ಯೋಚನೆ ಹುಟ್ಟಿರಲಿಲ್ಲ. ಒಂದು ಕಾರ್ಖಾನೆಯು ಕಲಿಸಬಲ್ಲದ್ದು ಕೆಲವು ನೂರು ಜನರಿಗೆ, ಕಲಿಯಬೇಕಾದವರಿದ್ದದ್ದು ಲಕ್ಷಗಟ್ಟಲೆ. ಬಡವರ ಮಕ್ಕಳಿಗೆ ಕಸುಬಿನ ಶಿಕ್ಷಣವು ಒಬ್ಬರ ಕೃಪೆಯಾಗಿ ಬಾರದೆ ಸರಕಾರದ ಹೊಣೆಯಾಗಿ ಬರಲು ಸ್ವಾತಂತ್ರ್ಯದವರೆಗೆ ಕಾಯಬೇಕಾಯಿತು. 1950 ರಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಆರಂಭವಾಗಿ ದೇಶದಲ್ಲಿ ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ಹುಟ್ಟಿಕೊಂಡವು. ಕಾರ್ಖಾನೆಗಳಲ್ಲಿ ಹೊಸಬರಿಗೆ ಕೆಲಸ ಕಲಿಸುವುದನ್ನು ನಿಯಮಕ್ಕೆ ಒಳಪಡಿಸಿದ ಶಿಶಿಕ್ಷು ಕಾಯಿದೆ ಬಂದದ್ದು 1961 ರಲ್ಲಿ. ಈ ವ್ಯವಸ್ಥೆಗಳೊಂದೂ ಇಲ್ಲದ ಕಾಲದಲ್ಲಿ ಲಕ್ಷ್ಮಣರಾಯರು ಮಾಡಿದ ಕೆಲಸವನ್ನು ಅಳೆಯುವಾಗ ಈ ಮಿತಿಯನ್ನೂ, ಅದರ ನಡುವೆ ಅವರು ತೋರಿದ ಧೈರ್ಯವನ್ನೂ ಕೂಡಿಯೇ ಅಳೆಯಬೇಕು.

1914 ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಹೊರದೇಶದಿಂದ ಬರುತ್ತಿದ್ದ ಸರಕುಗಳು ದುರ್ಲಭವಾದವು. ವಿದೇಶೀ ನೇಗಿಲುಗಳ ಆಮದು ಕುಗ್ಗಿದ್ದರಿಂದ ಕಿರ್ಲೋಸ್ಕರ್ ನೇಗಿಲಿಗೆ ಬೇಡಿಕೆ ಬಂದಿತು. ಆದರೆ ನೇಗಿಲಿಗೆ ಬೇಕಾದ ಕಬ್ಬಿಣವೇ ಇಲ್ಲ, ಅದನ್ನು ಕರಗಿಸುವ ಕಲ್ಲಿದ್ದಲೂ ಇಲ್ಲ. ಕುಲುಮೆಗೆ ಮರದ ಇದ್ದಲನ್ನು ಬಳಸಿ ನೋಡಿದರು. ಕಬ್ಬಿಣಕ್ಕಾಗಿ ಕೊಲ್ಲಾಪುರದ ಶಾಹೂ ಮಹಾರಾಜರ ಮೊರೆಹೊಕ್ಕರು. ಮಹಾರಾಜರು ಕೋಟೆಯಲ್ಲಿ ನಿರುಪಯೋಗಿಯಾಗಿ ಬಿದ್ದಿದ್ದ ಹಳೆಯ ಫಿರಂಗಿಗಳನ್ನು ಕೊಟ್ಟರೆಂಬುದು ಈ ಉದ್ಯಮದ ಇತಿಹಾಸದಲ್ಲಿ ಪ್ರಸಿದ್ಧವಾದ ಸಂಗತಿ. ಯುರೋಪಿನಲ್ಲಿ ನೇಗಿಲ ಕಬ್ಬಿಣವು ಫಿರಂಗಿಗಳಾಗುತ್ತಿದ್ದ ದಿನಗಳಲ್ಲಿ ಇಲ್ಲಿ ಫಿರಂಗಿಗಳು ಕರಗಿ ನೇಗಿಲುಗಳಾದವು.

ಯುದ್ಧದ ಅನಂತರ ಉದ್ಯಮವು ವೇಗವಾಗಿ ಬೆಳೆಯಿತು. 1920 ರಲ್ಲಿ ಅದು ಸಾರ್ವಜನಿಕ ಕಂಪೆನಿಯಾಯಿತು. ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಶೇಂಗಾ ಸುಲಿಯುವ ಯಂತ್ರ, ನೀರೆತ್ತುವ ಪಂಪುಗಳು ತಯಾರಾದವು. ಕಪಿಲೆ ಹೊಡೆಯುತ್ತಿದ್ದ ಬಾವಿಗಳ ಮೇಲೆ ಪಂಪುಗಳು ಬಂದು ಕುಳಿತವು. ಲಕ್ಷ್ಮಣರಾಯರ ಮಗ ಶಂತನುರಾಯರು ಅಮೆರಿಕದಲ್ಲಿ ಎಂಜಿನಿಯರಿಂಗ್ ವ್ಯಾಸಂಗ ಮುಗಿಸಿ 1926 ರಲ್ಲಿ ಮರಳಿ ಬಂದು ತಂದೆಯ ಕೆಲಸಕ್ಕೆ ಕೈಕೊಟ್ಟರು. ಈ ಮನೆತನದ ಉದ್ಯಮ ಕನ್ನಡ ನಾಡಿಗೂ ಮರಳಿ ಬಂದಿತು. 1941 ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಸ್ಥಾಪನೆಯಾಗಿ ಲೇತ್ ಯಂತ್ರಗಳನ್ನು ತಯಾರಿಸತೊಡಗಿತು. ಹರಿಹರ, ದಾವಣಗೆರೆ ಸೀಮೆಯ ಅನೇಕ ಬಡ ಕುಟುಂಬಗಳ ಹುಡುಗರು ಅಲ್ಲಿ ಯಂತ್ರದ ಕೆಲಸವನ್ನು ಕಲಿತು ಬಾಳನ್ನು ಕಟ್ಟಿಕೊಂಡರು. ಅರುವತ್ತು ವರ್ಷಗಳ ಬಳಿಕ ಆ ಕಾರ್ಖಾನೆ ಮುಚ್ಚಿತು. ಒಂದೇ ಕಾರ್ಖಾನೆಯನ್ನು ನೆಚ್ಚಿದ ಊರಿಗೆ ಅದು ತಡೆಯಲಾರದ ಪೆಟ್ಟು. ಆದರೂ ಯಂತ್ರದ ಕೆಲಸ ಬಲ್ಲ ಕೈಗಳಿಗೆ ಬೇರೆ ಊರುಗಳಲ್ಲಿ ಕೆಲಸವನ್ನು ಹುಡುಕಿಕೊಳ್ಳುವ ದಾರಿಯಾದರೂ ಇತ್ತು.

ಲಕ್ಷ್ಮಣರಾಯರು 1956 ನೆಯ ಇಸವಿ ಸೆಪ್ಟೆಂಬರ್ 26 ರಂದು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಜನ್ಮಶತಾಬ್ದಿಯ ದಿನವಾದ 1969 ರ ಜೂನ್ 20 ರಂದು ಭಾರತ ಸರಕಾರವು ಅವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರತಂದಿತು.

ಅವರ ಕಾರ್ಖಾನೆಯನ್ನು ಒಂದು ಕಾಲಕ್ಕೆ ಹೊರಗೆ ಕಳುಹಿಸಿದ ಬೆಳಗಾವಿಯಲ್ಲಿ ಇಂದು ಕಿರ್ಲೋಸ್ಕರ್ ರಸ್ತೆ ಇದೆ. ಊರಿನ ದಕ್ಷಿಣಕ್ಕೆ, ಖಾನಾಪುರದ ಕಡೆಗೆ ಹೋಗುವ ದಾರಿಯ ಬಳಿ ಉದ್ಯಮಬಾಗ ಎಂಬ ಕೈಗಾರಿಕಾ ಪ್ರದೇಶವಿದೆ. ಎರಕದ ಕಾರ್ಖಾನೆಗಳಿಗೂ ಯಂತ್ರಭಾಗಗಳ ತಯಾರಿಕೆಗೂ ಬೆಳಗಾವಿ ಈಗ ಹೆಸರಾದ ಊರು. ಐಟಿಐಗಳಲ್ಲಿ ಕಲಿತ ಹುಡುಗರು, ಈಗ ಹುಡುಗಿಯರೂ ಕೂಡ, ನಕ್ಷೆಯನ್ನು ಓದುವುದನ್ನೂ ಅರ ಹಿಡಿಯುವುದನ್ನೂ ಅಭ್ಯಾಸ ಮಾಡಿ ಇಂತಹ ಕಾರ್ಖಾನೆಗಳ ಬಾಗಿಲಿಗೆ ಬರುತ್ತಾರೆ. ಬೀಡಿ, ನಂದಗಡದಂತಹ ಹಳ್ಳಿಗಳ ರೈತರ, ಕೂಲಿಕಾರರ ಮಕ್ಕಳಿಗೆ ಆ ಬಾಗಿಲು ಒಂದು ಬಸ್ಸಿನ ಪ್ರಯಾಣದಷ್ಟು ದೂರದಲ್ಲಿದೆ.